ಇಂಕ್‌ಸ್ಕೇಪಿನ ಟೂಲ್‌ಬಾರಿನಲ್ಲಿ ರಂಗೋಲಿ ಟೂಲಿಗೆ ಜಾಗ ಎಲ್ಲಿ?

ನೀವು ಕೇಳಿದ್ದು ಇಷ್ಟು: ಚುಕ್ಕಿ ರಂಗೋಲಿಗೆಂದು ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶಕ್ಕೆ ಹೊಸ ಟೂಲ್ ಬರೆಯುತ್ತಿದ್ದೀರಿ, ಚುಕ್ಕಿ ಇಡುವ ಭಾಗ ಮುಗಿದಿದೆ, ಎಳೆ ಸುತ್ತುವುದು ಬಾಕಿ. ಎಡಗಡೆಯ ಟೂಲ್‌ಬಾರ್ ಆಗಲೇ ತುಂಬಿಹೋಗಿದೆ, ಐಕಾನನ್ನು ಸ್ಟಾರ್ ಟೂಲಿನ ಕೆಳಗಿಡಬೇಕೋ ಪೆನ್ಸಿಲ್ ಪಕ್ಕದಲ್ಲೋ?

ಐಕಾನ್ ಆಮೇಲೆ. ನೀವು ಬರೆದು ಮುಗಿಸಿರುವ ಅರ್ಧ ಟೂಲೇ ಅಲ್ಲ ಅಂತ ನನಗನ್ನಿಸುತ್ತದೆ. ಬಾಕಿ ಇರುವ ಅರ್ಧವೇ ಟೂಲು.

ಟೂಲ್ ಅಂದರೆ ಕೈಯಲ್ಲಿ ಹಿಡಿದುಕೊಳ್ಳುವಂಥದ್ದು. ಒಮ್ಮೆ ಒತ್ತಿದರೆ, ಬೇರೆಯದನ್ನು ಹಿಡಿಯುವ ತನಕ ಹಾಳೆಯ ಮೇಲಿನ ಪ್ರತಿ ಕ್ಲಿಕ್ಕೂ ಅದರದ್ದೇ. ನಾಲ್ಕು ಅಂಕಿ ಕೊಟ್ಟು ಬಟನ್ ಒತ್ತಿದರೆ ಮುಗಿಯುವ ಕೆಲಸಕ್ಕೆ ಮೆನು ಸಾಕು. ನಿಮ್ಮ ಚುಕ್ಕಿಯನ್ನೇ ನೋಡಿ. ‘13ರಿಂದ 7, ಮಧ್ಯ ಚುಕ್ಕಿ’ ಅಂದ ತಕ್ಷಣ ಎಲ್ಲವೂ ತೀರ್ಮಾನವಾಗಿಹೋಯಿತು. ನಡುಸಾಲಿನಲ್ಲಿ 13, ಮೇಲಕ್ಕೂ ಕೆಳಕ್ಕೂ ಒಂದೊಂದೇ ಕಡಿಮೆಯಾಗುತ್ತ 7ರವರೆಗೆ. ಒಟ್ಟು 13 ಸಾಲು, 127 ಚುಕ್ಕಿ. ಚುಕ್ಕಿಯಿಂದ ಚುಕ್ಕಿಗೆ 20 ಮಿ.ಮೀ. ಇಟ್ಟರೆ ಸಾಲಿನಿಂದ ಸಾಲಿಗೆ 17.32 ಮಿ.ಮೀ., ಯಾಕೆಂದರೆ ಅಕ್ಕಪಕ್ಕದ ಮೂರು ಚುಕ್ಕಿ ಸೇರಿದರೆ ಸಮಬಾಹು ತ್ರಿಕೋನ ಆಗಬೇಕು. ಇದರಲ್ಲಿ ಮೌಸಿಗೆ ಏನು ಕೆಲಸ?

ಇದು ಪೈಥಾನ್ ಭಾಷೆಯಲ್ಲಿ ಬರೆದ ಎಕ್ಸ್‌ಟೆನ್ಶನ್ ಆಗಿ, ಅಂದರೆ ಮೆನುವಿಗೆ ಹೊರಗಿನಿಂದ ಸೇರಿಸುವ ಪುಟ್ಟ ಪ್ರೋಗ್ರಾಮ್ ಆಗಿ, ಸೊಗಸಾಗಿ ಕೂರುತ್ತದೆ. ಯಾವ್ಯಾವ ಅಂಕಿ ಕೇಳಬೇಕು, ಮೆನುವಿನಲ್ಲಿ ಎಲ್ಲಿ ಕಾಣಿಸಬೇಕು ಅನ್ನುವುದಕ್ಕೆ ಒಂದು ಐಎನ್‌ಎಕ್ಸ್ ಫೈಲು, ಚುಕ್ಕಿ ಇಡುವುದಕ್ಕೆ ಒಂದು ಪೈಥಾನ್ ಫೈಲು. ಎರಡನ್ನೂ ಎಕ್ಸ್‌ಟೆನ್ಶನ್ ಫೋಲ್ಡರಿಗೆ ಹಾಕಿ ಇಂಕ್‌ಸ್ಕೇಪ್ ಮುಚ್ಚಿ ತೆರೆದರೆ ಮುಗಿಯಿತು. ಲೈವ್ ಪ್ರಿವ್ಯೂ ಪುಕ್ಕಟೆ ಸಿಗುತ್ತದೆ, ಅದೇ ಅಂಕಿಯಲ್ಲಿ ಮತ್ತೆ ಬೇಕಾದರೆ ಆಲ್ಟ್ ಹಿಡಿದು ಕ್ಯೂ ಒತ್ತಿದರಾಯಿತು. (ಅಷ್ಟೂ ಬೇಡ ಅನ್ನುವವರು, ಒಂದೇ ಆಕಾರವನ್ನು ಸಾಲುಸಾಲಾಗಿ ನಕಲು ಮಾಡುವ ಟೈಲ್ಡ್ ಕ್ಲೋನ್ಸ್‌ನಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲನ್ನು ಶೇಕಡಾ 50 ಸರಿಸಿ, ಮೂಲೆಯ ಚುಕ್ಕಿಗಳನ್ನು ಅಳಿಸಿಯೂ ಕೆಲಸ ಮುಗಿಸಬಹುದು.)

ಎಳೆಯ ಕಥೆ ಬೇರೆ. ಯಾವ ಚುಕ್ಕಿಯನ್ನು ಬಳಸಿ ಹೋಗಬೇಕು, ಎಡಕ್ಕೋ ಬಲಕ್ಕೋ, ಎಲ್ಲಿ ಬಂದು ಕೂಡಬೇಕು ಅನ್ನುವುದು ಎಳೆಯುತ್ತ ಎಳೆಯುತ್ತ ಹೊಳೆಯುವಂಥದ್ದು. ಅದನ್ನು ಡಬ್ಬಿಯೊಳಗೆ ಅಂಕಿ ತುಂಬಿಸಿ ಹೇಳಲಾಗುವುದಿಲ್ಲ.

ಇಂಕ್‌ಸ್ಕೇಪಿನಲ್ಲೇ ಇದಕ್ಕೆ ಒಳ್ಳೆಯ ನಿದರ್ಶನ ಇದೆ. ಆಕಾರಗಳನ್ನು ಕೂಡಿಸುವ, ಕಳೆಯುವ ಯೂನಿಯನ್, ಡಿಫರೆನ್ಸ್ ಎಲ್ಲ ವರ್ಷಗಟ್ಟಲೆ ಪಾತ್ ಮೆನುವಿನಲ್ಲಿ ಇದ್ದವು. ಯಾರೂ ಅವಕ್ಕೆ ಟೂಲ್‌ಬಾರಿನಲ್ಲಿ ಐದಾರು ಬಟನ್ ಕೊಡಲಿಲ್ಲ. 2023ರಲ್ಲಿ 1.3 ಆವೃತ್ತಿ ಬಂದಾಗ ಶೇಪ್ ಬಿಲ್ಡರ್ ಟೂಲ್ ಸೇರಿತು. ಒಳಗೆ ನಡೆಯುವ ಲೆಕ್ಕಾಚಾರ ಅದೇ ಜಾತಿಯದ್ದು, ಆದರೆ ಇಲ್ಲಿ ತುಂಡುಗಳ ಮೇಲೆ ಮೌಸ್ ಎಳೆದು, ಇದು ಇರಲಿ, ಇದು ಬೇಡ ಅಂತ ಕಣ್ಣೆದುರೇ ಆರಿಸುತ್ತೀರಿ. ಹಾಗಾಗಿ ಅದಕ್ಕೊಂದು ಜಾಗ ನ್ಯಾಯವಾಗಿಯೇ ಸಿಕ್ಕಿತು. ಅದರ ಹಿಂದಿನ ವರ್ಷ 1.2ರಲ್ಲಿ ಬಂದ ಪೇಜಸ್ ಟೂಲೂ ಅಷ್ಟೆ; ಪುಟಗಳನ್ನು ಹಿಡಿದು ಸರಿಸಬೇಕು ತಾನೆ.

ಟೂಲ್ ಅಂತ ಖಚಿತವಾದ ಮೇಲೂ ಹೊಸ ಮನೆ ಕಟ್ಟುವ ಮೊದಲು ಹಳೆ ಮನೆಯಲ್ಲಿ ಕೋಣೆ ಖಾಲಿ ಇದೆಯಾ ನೋಡಿ. ಸ್ಟಾರ್ ಟೂಲು ಒಂದೇ, ನಕ್ಷತ್ರವೂ ಅದರದ್ದೇ ಬಹುಭುಜವೂ ಅದರದ್ದೇ. ಪೆನ್ ಟೂಲ್ ಒತ್ತಿದರೆ ಮೇಲಿನ ಪಟ್ಟಿಯಲ್ಲಿ ಬೆಜಿಯೆ, ಸ್ಪೈರೊ, ಬಿ-ಸ್ಪ್ಲೈನ್, ಬರೀ ನೇರ ಗೆರೆ ಹೀಗೆ ಗೆರೆ ಎಳೆಯುವ, ಬಾಗಿಸುವ ಬಗೆಬಗೆಯ ಮೋಡ್ ಸಿಗುತ್ತವೆ. ನಿಮ್ಮ ಎಳೆ ಅಲ್ಲಿ ಇನ್ನೊಂದು ಮೋಡ್ ಆಗಿ ಹೊಂದಬಹುದು. ಹಾಗಾದರೆ ಎಡಗಡೆ ಒಂದು ಪಿಕ್ಸೆಲ್ ಜಾಗವೂ ಬೇಡ. ಅಡೋಬಿಯ ಇಲಸ್ಟ್ರೇಟರ್ ತಂತ್ರಾಂಶದವರು ಐಕಾನಿನ ಮೂಲೆಯಲ್ಲಿ ಪುಟ್ಟ ತ್ರಿಕೋನ ಇಟ್ಟು ಒಂದರ ಹಿಂದೆ ಒಂದು ಬಚ್ಚಿಡುತ್ತಾರಲ್ಲ, ಆ ಪದ್ಧತಿ ನನಗೆ ಅಷ್ಟು ಹಿಡಿಸುವುದಿಲ್ಲ. ಒತ್ತಿ ಹಿಡಿದರೆ ಇನ್ನಷ್ಟು ಇದೆ ಅಂತ ಹೊಸಬರಿಗೆ ಹೇಳುವವರು ಯಾರು?

ಇಷ್ಟೆಲ್ಲ ಹೇಳಲು ಕಾರಣ, ನಾನೇ ಒಮ್ಮೆ ಕೈ ಸುಟ್ಟುಕೊಂಡವನು. ಲಗ್ನಪತ್ರಿಕೆಯ ಅಂಚಿಗೆ ಬಳ್ಳಿ ಹಬ್ಬಿಸುವ ಟೂಲ್ ಅಂತ ಇಂಕ್‌ಸ್ಕೇಪ್ 0.92ರ ಮೇಲೆ ಸಿ++ನಲ್ಲಿ ಬರೆದೆ. ಮೊದಲ ದಿನ ಬಟನ್ ಕಾಣಿಸಿತು, ಒತ್ತಿದರೆ ಏನೂ ಆಗಲಿಲ್ಲ. ಟೂಲಿನ ಡೀಫಾಲ್ಟ್ ಸೆಟ್ಟಿಂಗುಗಳನ್ನು ಪ್ರಿಫರೆನ್ಸಿನ ಫೈಲಿನಲ್ಲಿ ಬರೆಯುವುದನ್ನೇ ಮರೆತಿದ್ದೆ. ಅದು ಸರಿಹೋಯಿತು, ಬಳ್ಳಿಯೂ ಹಬ್ಬಿತು. 2020ರ ಮೇ ತಿಂಗಳಲ್ಲಿ 1.0 ಬಂದು, ಬಟನ್, ಮೆನುಗಳನ್ನು ಕಟ್ಟುವ ಜಿಟಿಕೆ ಲೈಬ್ರರಿಯ 3ನೇ ಆವೃತ್ತಿಗೆ ಹಾರಿದಾಗ ನಾನು ಸೇರಿಸಿದ್ದ ಕೋಡ್ ಚಿಂದಿಯಾಯಿತು. ಕೊನೆಗೆ ಅದನ್ನೇ ಎಕ್ಸ್‌ಟೆನ್ಶನ್ ಮಾಡಿ ಬರೆದೆ, ಎರಡು ಸಂಜೆ ಹಿಡಿಯಿತು. ಈಗ ಮುಂದಿನ ಆವೃತ್ತಿಯ ಕೋಡ್ ಜಿಟಿಕೆ 4ಕ್ಕೆ ಹೋಗಿದೆ, ನಿಮ್ಮದು ಕೋಡಿನ ಯಾವ ಕವಲಿನ (ಬ್ರಾಂಚಿನ) ಮೇಲಿದೆ ಅಂತ ಮೊದಲು ನೋಡಿಕೊಳ್ಳಿ.

ಪೆನ್ನಿನ ಮೋಡ್ ಸಾಲದು, ಬೇರೆಯೇ ಟೂಲ್ ಬೇಕು ಅಂತಿದ್ದರೆ ಜಾಗಕ್ಕಿಂತ ಮೊದಲು, ಕೀಲಿಮಣೆಯಲ್ಲಿ ಒತ್ತಿ ಟೂಲ್ ಹಿಡಿಯುವ ಅಕ್ಷರಕ್ಕೆ ಬರ ಬೀಳುತ್ತದೆ. ಎಸ್ ಸೆಲೆಕ್ಟರಿಗೆ, ಎನ್ ಗೆರೆಯ ಬಿಂದುಗಳನ್ನು ತಿದ್ದುವ ನೋಡ್ ಟೂಲಿಗೆ, ಆರ್ ಆಯತಕ್ಕೆ, ಇ ದೀರ್ಘವೃತ್ತಕ್ಕೆ, ಪಿ ಪೆನ್ಸಿಲ್ಲಿಗೆ, ಬಿ ಪೆನ್ನಿಗೆ, ಟಿ ಅಕ್ಷರಕ್ಕೆ, ಡಿ ಬಣ್ಣ ಹೆಕ್ಕುವ ಡ್ರಾಪರಿಗೆ. ಎಚ್, ವಿ ಖಾಲಿ ಅಂದುಕೊಂಡರೆ ಅವು ಚಿತ್ರವನ್ನು ಮಗುಚುತ್ತವೆ. ಕ್ಯೂ ಒತ್ತಿದರೆ ಜೂಮ್ ಆಗುತ್ತದೆ. ರಂಗೋಲಿಯ ಆರ್ ನಿಮಗೆ ಸಿಗುವುದಿಲ್ಲ, ಆ ಆಸೆ ಬಿಡಿ.

ಐಕಾನ್ ಬರೆಯುವಾಗ 16 ಪಿಕ್ಸೆಲ್ ಅಳತೆಯಲ್ಲಿ ಒಂದೇ ಬಣ್ಣದಲ್ಲಿ ನೋಡಿ. ನೀವು ಕಳಿಸಿದ ಚಿತ್ರದಲ್ಲಿ 19 ಚುಕ್ಕಿ ಇವೆ. ಚಿಕ್ಕದು ಮಾಡಿದರೆ ರಾಗಿ ಚೆಲ್ಲಿದ ಹಾಗೆ ಕಾಣುತ್ತದೆ. ನಾಲ್ಕೇ ಚುಕ್ಕಿ, ಅವನ್ನು ಬಳಸಿದ ಒಂದೇ ಎಳೆ ಸಾಕು. ಇಡುವುದು ಪೆನ್ಸಿಲ್, ಪೆನ್ನುಗಳ ಗುಂಪಿನಲ್ಲಿ. ಸ್ಟಾರ್ ಪಕ್ಕ ಬೇಡ, ಅವು ಎಳೆದ ಮೇಲೂ ಆಕಾರವಾಗಿ ಉಳಿಯುವಂಥವು, ನಿಮ್ಮದು ಗೆರೆ.

ತುಂಬಿರುವ ಟೂಲ್‌ಬಾರಿನ ಚಿಂತೆ ಅಷ್ಟು ಬೇಡ. ಹಳೆಯ ಆವೃತ್ತಿಯಲ್ಲಿ, 1366×768ರ ನನ್ನ ಲ್ಯಾಪ್‌ಟಾಪಿನಲ್ಲಿ, ಆಕಾರಗಳನ್ನು ಗೆರೆಯಿಂದ ಜೋಡಿಸುವ ಕನೆಕ್ಟರ್ ಟೂಲು ಕೆಳಗಿನ ಬಾಣದ ಹಿಂದೆ ಅಡಗಿ ಕೂತಿತ್ತು. ಅದೊಂದು ಇದೆ ಅಂತಲೇ ಗೊತ್ತಿಲ್ಲದೆ ವರ್ಷಗಟ್ಟಲೆ ಚಾರ್ಟಿನ ಗೆರೆಗಳನ್ನು ಕೈಯಲ್ಲೇ ಎಳೆದಿದ್ದೇನೆ. ಈಗ ಪ್ರಿಫರೆನ್ಸಸ್‌ನಲ್ಲಿ ಇಂಟರ್‌ಫೇಸ್, ಅದರೊಳಗೆ ಟೂಲ್‌ಬಾರ್ಸ್‌ಗೆ ಹೋದರೆ ಬೇಡದ ಟೂಲುಗಳ ಟಿಕ್ ತೆಗೆಯಬಹುದು, ಐಕಾನ್ ಚಿಕ್ಕದು ಮಾಡಬಹುದು. 3ಡಿ ಬಾಕ್ಸು, ಸ್ಪೈರಲ್ಲು ನನ್ನ ಪರದೆಯಲ್ಲಿ ಇಲ್ಲವೇ ಇಲ್ಲ.

ಹಾಗಾಗಿ ಈ ವಾರ ಚುಕ್ಕಿಯನ್ನು ಎಕ್ಸ್‌ಟೆನ್ಶನ್ ಮಾಡಿ ಬಿಡುಗಡೆ ಮಾಡಿ, ಎಳೆಯನ್ನು ಪೆನ್ನಿನ ಮೋಡ್ ಆಗಿ ಪ್ರಯತ್ನಿಸಿ. ಎಳೆ ಚುಕ್ಕಿಯಿಂದ ಎಷ್ಟು ದೂರದಲ್ಲಿ ತಿರುಗಬೇಕು ಅಂತ ಅಂದುಕೊಂಡಿದ್ದೀರಿ? ಅರ್ಧ ಅಂತರ ಅಂತ ಇಟ್ಟರೆ ಅಕ್ಕಪಕ್ಕದ ಎರಡು ಸುತ್ತು ಒಂದಕ್ಕೊಂದು ತಾಗುತ್ತವೆ, ಅದನ್ನು ಹೇಗೆ ಬಿಡಿಸುತ್ತೀರಿ ಅಂತ ತಿಳಿಸಿ.