ಒಗೆದ ಬಟ್ಟೆಯಲ್ಲಿ ಕಣ್ಣಿನ ಆಪರೇಷನ್: ಭಯ ಬೇಕೆ?

ಪ್ರಶ್ನೆ: ಅಮ್ಮನಿಗೆ ಮುಂದಿನ ವಾರ ಕಣ್ಣಿನ ಪೊರೆಯ ಆಪರೇಷನ್. ಆ ಆಸ್ಪತ್ರೆಯಲ್ಲಿ ರೋಗಿಗೆ ಹೊದಿಸುವ ಬಟ್ಟೆ, ಡಾಕ್ಟರ ಗೌನು ಎಲ್ಲವನ್ನೂ ಒಗೆದು ಮತ್ತೆ ಬಳಸುತ್ತಾರಂತೆ. ಪರಿಸರಕ್ಕೆ ಒಳ್ಳೆಯದು ಎನ್ನುತ್ತಾರೆ. ಒಮ್ಮೆ ಬಳಸಿ ಎಸೆಯುವ ಕಿಟ್ ಇರುವ ಕಡೆ ಹೋಗುವುದೇ ಕ್ಷೇಮವಲ್ಲವೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಬಟ್ಟೆ ಒಗೆದದ್ದು ಎಂಬ ಒಂದೇ ಕಾರಣಕ್ಕೆ ಆಸ್ಪತ್ರೆ ಬದಲಾಯಿಸಬೇಡಿ. ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿ ದುಡಿದವಳು ನಾನು. ರೋಗಾಣುವನ್ನು ಕೊಲ್ಲುವುದು ಆಟೋಕ್ಲೇವಿನ, ಅಂದರೆ ಪ್ರೆಶರ್ ಕುಕ್ಕರಿನಂಥ ದೊಡ್ಡ ಯಂತ್ರದ, ಹಬೆ. ಬಟ್ಟೆ ಹೊಸದೋ ಹಳೆಯದೋ ಎಂಬುದು ಮುಖ್ಯವಲ್ಲ. ಒಗೆದು ಬಂದ ಹಸಿರು ಬಟ್ಟೆಯನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದೆವು. ಸೂಜಿಮೊನೆಯಷ್ಟು ತೂತು ಕಂಡರೂ ಅದನ್ನು ಪಕ್ಕಕ್ಕಿಡುತ್ತಿದ್ದೆವು. ಉಳಿದದ್ದನ್ನು ಮಡಿಸಿ, ಪ್ಯಾಕ್ ಮಾಡಿ, ಟೇಪ್ ಅಂಟಿಸಿ 121 ಡಿಗ್ರಿ ಹಬೆಗೆ ಇಡುವುದು. ಹಬೆ ತಾಗಿದರೆ ಟೇಪಿನ ಮಾಸಲು ಗೆರೆಗಳು ಕಪ್ಪಾಗುತ್ತವೆ. ಅದು ಹೊರಗಿನ ಗುರುತು ಮಾತ್ರ. ಪ್ಯಾಕಿನೊಳಗೆ ಇನ್ನೊಂದು ಪಟ್ಟಿ ಇಟ್ಟಿರುತ್ತೇವೆ. ಅದರ ಬಣ್ಣ ಬದಲಾಗದಿದ್ದರೆ ಇಡೀ ಪ್ಯಾಕ್ ವಾಪಸ್.

ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆ ಈ ವಿಷಯದಲ್ಲಿ ಜಗತ್ತಿಗೇ ಪಾಠ ಹೇಳಿದೆ. 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ ಒಂದು ಫೇಕೋ ಆಪರೇಷನ್ನಿನಿಂದ (ಸಣ್ಣ ಸೀಳಿನಲ್ಲಿ ಪೊರೆಯನ್ನು ಪುಡಿಮಾಡಿ ಹೀರಿ ತೆಗೆಯುವುದು) ಹೊಮ್ಮುವುದು ಸುಮಾರು 6 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮನಾದ, ಭೂಮಿಯನ್ನು ಬಿಸಿಯಾಗಿಸುವ ಅನಿಲ. ಬ್ರಿಟನ್ನಿನಲ್ಲಿ ಅದೇ ಆಪರೇಷನ್ನಿಗೆ ಆಗುವುದರಲ್ಲಿ ಇದು ಶೇ. 5ರಷ್ಟು! ಕಸ ಬರೀ 250 ಗ್ರಾಂ. ರೋಗಿಗಳ ದೃಷ್ಟಿ, ಸೋಂಕಿನ ಲೆಕ್ಕ ಯಾವುದರಲ್ಲೂ ಅರವಿಂದ ಹಿಂದೆ ಬಿದ್ದಿಲ್ಲ. ಅನಿಲ, ಕಸ ಇಷ್ಟು ಕಡಿಮೆಯಾಗಲು ಬಟ್ಟೆ, ಗೌನು, ಉಪಕರಣಗಳ ಮರುಬಳಕೆಯೇ ದೊಡ್ಡ ಕಾರಣ.

ಕಿಟ್ ವಿಷಯಕ್ಕೆ ಬಂದರೆ, ಒಮ್ಮೆ ಬಿಚ್ಚಿದ ಮೇಲೆ ಕೈಯೇ ತಾಗದ ಸಾಮಾನೂ ಕಸವೇ. ಪೆಟ್ರೋಲಿಯಂನಿಂದ ತಯಾರಾಗಿ ಎಲ್ಲಿಂದಲೋ ಬಂದ ಪ್ಲಾಸ್ಟಿಕ್, ರಕ್ತ ತಾಗಿದ ಹತ್ತಿಯ ಜೊತೆ ಸೋಂಕಿನ ಕಸದ ಹಳದಿ ಚೀಲಕ್ಕೆ ಬಿದ್ದರೆ ಸುಡುವ ಕುಲುಮೆ ಸೇರುತ್ತದೆ. ಅದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು.

ಸೂಜಿ, ಸಿರಿಂಜ್ ಮಾತ್ರ ಒಬ್ಬರದು ಇನ್ನೊಬ್ಬರಿಗೆ ಎಂದೂ ಕೂಡದು. ಅಲ್ಲಿ ರಾಜಿಯ ಮಾತೇ ಇಲ್ಲ.

ಅಲ್ಲಿನ ಸಿಸ್ಟರ್ ಹತ್ತಿರ ‘ಪ್ರತಿ ರೋಗಿಗೂ ಬೇರೆ ಆಟೋಕ್ಲೇವ್ ಮಾಡಿದ ಸೆಟ್ ತೆಗೆಯುತ್ತೀರಾ?’ ಎಂದು ಸಂಕೋಚವಿಲ್ಲದೆ ಕೇಳಿ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದ್ದರೆ, ಕಣ್ಣು ಗೀಜು ಕಟ್ಟುತ್ತಿದ್ದರೆ ಮೊದಲೇ ತಿಳಿಸಿ. ಈ ಆಪರೇಷನ್ನಿನಲ್ಲಿ ಸೋಂಕು ಬಂದರೆ ಹೆಚ್ಚಾಗಿ ರೋಗಿಯ ರೆಪ್ಪೆಯಲ್ಲೇ ಇರುವ ರೋಗಾಣುವಿನಿಂದ. ಮನೆಗೆ ಬಂದ ಮೇಲೆ ಡ್ರಾಪ್ಸ್ ಹಾಕುವವರು ಪ್ರತಿ ಸಲವೂ ಸೋಪು ಹಚ್ಚಿ ಕೈ ತೊಳೆಯಲಿ.