ಯಾವ ನೋಂದಣಿ ಎಂದು ಕೇಳಬೇಕು

ರಾಣೆಬೆನ್ನೂರಿನ ನಿವೃತ್ತ ಶಿಕ್ಷಕರೊಬ್ಬರು, ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ, ನಮಗೆ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಇಂಗ್ಲೆಂಡಿನಲ್ಲಿ ನೆಲೆಸಿ ಅಲ್ಲಿಯ ಪೌರತ್ವ ಪಡೆದಿರುವ ಅವರ ಮಗ, ಗದಗ ಜಿಲ್ಲೆಯ ಒಂದು ಅನಾಥಾಶ್ರಮಕ್ಕೆ ನೆರವಾಗಲೆಂದು ಅಲ್ಲಿ ಒಂದು ಚಾರಿಟಿ ನೋಂದಾಯಿಸಲು ಹೊರಟಿದ್ದಾರೆ. ತಂದೆ ಮೊದಲೇ ಹೋಗಿ ನೋಡಿದಾಗ ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳಿದ್ದರಂತೆ. ನೋಂದಣಿ ಆಗಿದೆಯೇ ಎಂದು ಕೇಳಿದ್ದಕ್ಕೆ, ಕಟ್ಟು ಹಾಕಿಸಿ ಗೋಡೆಗೆ ತೂಗುಬಿಟ್ಟಿದ್ದ ಟ್ರಸ್ಟ್ ಪತ್ರವನ್ನು ತೋರಿಸಿದರಂತೆ. ಮಾತಿಗೆ ಸಿಕ್ಕ ಮೂವರು ಮಕ್ಕಳಲ್ಲಿ ಇಬ್ಬರು, ಅಪ್ಪ-ಅವ್ವ ಗೋವಾಕ್ಕೆ ದುಡಿಯಲು ಹೋಗಿದ್ದಾರೆ ಎಂದರಂತೆ. ಮಗ ಚಾರಿಟಿ ಸ್ಥಾಪಿಸಬಹುದೆ, ಹಣವನ್ನು ತಮ್ಮ ಖಾತೆಗೆ ತರಿಸಿ ಆಶ್ರಮಕ್ಕೆ ಕೊಡಬಹುದೆ, ದೂರು ಕೊಟ್ಟರೆ ಆ ಮಕ್ಕಳು ಬೀದಿಪಾಲಾಗುವುದಿಲ್ಲವೆ ಎಂಬುದು ಅವರ ಪ್ರಶ್ನೆ.

ಮಾನ್ಯರೆ,

ನೀವು ನೋಂದಣಿ ಕೇಳಿದಿರಿ, ಅವರು ನೋಂದಣಿಯನ್ನೇ ತೋರಿಸಿದರು. ಆ ಮಟ್ಟಿಗೆ ಅವರು ಸುಳ್ಳು ಹೇಳಲಿಲ್ಲ. ತೊಡಕಿರುವುದು ಆ ಪದದಲ್ಲಿಯೇ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದಾಖಲಾದ ಟ್ರಸ್ಟ್ ಪತ್ರವೂ ನೋಂದಣಿಯೇ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಿಗುವ ಪ್ರಮಾಣಪತ್ರವೂ ನೋಂದಣಿಯೇ, ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಕೂಡ ನೋಂದಣಿಯೇ. ಆದರೆ ಇವುಗಳಲ್ಲಿ ಯಾವುದೂ ಬೇರೆಯವರ ಮಗುವನ್ನು ತಂದು ಇಟ್ಟುಕೊಳ್ಳುವ ಅಧಿಕಾರವನ್ನು ಯಾರಿಗೂ ಕೊಡುವುದಿಲ್ಲ. ಅದಕ್ಕೆ ಬೇಕಾದದ್ದು ಬಾಲನ್ಯಾಯ ಕಾಯ್ದೆ, 2015ರ 41ನೇ ಕಲಮಿನಡಿಯ ನೋಂದಣಿ. ಸರ್ಕಾರದ ಅನುದಾನ ಪಡೆಯಲಿ, ಬಿಡಲಿ, ರಕ್ಷಣೆ ಮತ್ತು ಪೋಷಣೆ ಅಗತ್ಯವಿರುವ ಮಕ್ಕಳನ್ನು ಇರಿಸಿಕೊಳ್ಳುವ ಪ್ರತಿಯೊಂದು ಸಂಸ್ಥೆಗೂ ಅದು ಕಡ್ಡಾಯ, ಮತ್ತು ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ತಪ್ಪಿದರೆ 42ನೇ ಕಲಮಿನ ಪ್ರಕಾರ ಒಂದು ವರ್ಷದವರೆಗಿನ ಸೆರೆವಾಸ, ಇಲ್ಲವೆ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಅರ್ಜಿ ಹಾಕದೆ ಕಳೆದ ಪ್ರತಿ ಮೂವತ್ತು ದಿನಗಳ ವಿಳಂಬವನ್ನು ಬೇರೆಯದೇ ಅಪರಾಧವೆಂದು ಎಣಿಸಲಾಗುತ್ತದೆ. ತಮಿಳುನಾಡಿನ ಅನಾಥಾಲಯಗಳಲ್ಲಿ ಮಕ್ಕಳ ಶೋಷಣೆಯ ಕುರಿತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಮೇ ತಿಂಗಳಲ್ಲಿ ತೀರ್ಪು ನೀಡಿ, ದೇಶದ ಎಲ್ಲ ಮಕ್ಕಳ ಪಾಲನಾ ಸಂಸ್ಥೆಗಳ ನೋಂದಣಿಯನ್ನು ಆ ವರ್ಷದ ಕೊನೆಯೊಳಗೆ ಮುಗಿಸಬೇಕೆಂದು ಆದೇಶಿಸಿತ್ತು. ಆ ಪ್ರಕರಣ ಶುರುವಾದದ್ದೂ ನ್ಯಾಯಾಲಯಕ್ಕೆ ಬರೆದ ಒಂದು ಪತ್ರದಿಂದಲೇ ಎಂಬುದನ್ನು, ಪತ್ರ ಬರೆದು ಏನಾದೀತು ಎಂದು ಕೊನೆಯಲ್ಲಿ ಕೇಳಿರುವ ನಿಮಗೆ ನೆನಪಿಸಬಯಸುತ್ತೇವೆ.

ಆದ್ದರಿಂದ ಮುಂದಿನ ಸಲ ಹೋದಾಗ ಎರಡು ಸಂಗತಿ ಕೇಳಿ. 41ನೇ ಕಲಮಿನ ಪ್ರಮಾಣಪತ್ರ ಎಲ್ಲಿದೆ? ಇಲ್ಲಿರುವ ಒಂದೊಂದು ಮಗುವನ್ನೂ ಇಲ್ಲಿರಿಸಲು, ಮಗು ಎಲ್ಲಿರಬೇಕೆಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿ ಕೊಟ್ಟ ಆದೇಶ ಎಲ್ಲಿದೆ? ಎರಡನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿಯೇ ಹೆಚ್ಚಿನದು ತಿಳಿಯುತ್ತದೆ. ಪಾಲಕರು ಓದಿಗೆಂದು ಮಕ್ಕಳನ್ನು ಬಿಡುವ ವಸತಿ ನಿಲಯದ ಲೆಕ್ಕ ಬೇರೆ ಎಂದು ಅವರು ಹೇಳಬಹುದು, ಅದು ನಿಜವೂ ಹೌದು. ಆದರೆ ದಾನಿಗಳು ಬಂದಾಗ ಅನಾಥಾಶ್ರಮ, ಅಧಿಕಾರಿಗಳು ಬಂದಾಗ ಹಾಸ್ಟೆಲ್ ಎನ್ನುವವರ ಮಾತಿನಲ್ಲಿ ಒಂದಾದರೂ ಸುಳ್ಳಿರಲೇಬೇಕು.

ನಮ್ಮ ಸೀಮೆಯಲ್ಲಿ ಇದನ್ನು ಬಾಯಿಬಿಟ್ಟು ಕೇಳುವುದು ಕಷ್ಟ. ಅಂಧ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಒಟ್ಟಿಗೆ ಕೊಟ್ಟ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು, ಹಳ್ಳಿಯ ಹುಡುಗರನ್ನು ಉಚಿತವಾಗಿ ಉಣ್ಣಿಸಿ ಓದಿಸಿದ ಧಾರವಾಡದ ಮುರುಘಾಮಠದ ಪ್ರಸಾದ ನಿಲಯವನ್ನು ಕಂಡ ಜನರಿಗೆ ಆಶ್ರಮ ಎಂಬ ಪದ ಕಿವಿಗೆ ಬಿದ್ದೊಡನೆ ಕೈ ಜೋಡಿಸುವುದೇ ರೂಢಿ. ಹಿರಿಯರು ಗಳಿಸಿದ ಆ ನಂಬಿಕೆಯನ್ನು ಬಾಡಿಗೆ ಮನೆಯ ಬೋರ್ಡಿಗೆ ಬಳಿದುಕೊಂಡವರಿಗೆ ಕಾಗದ ಕೇಳಿದರೆ ಅಪಚಾರವೇನೂ ಆಗುವುದಿಲ್ಲ.

ಇನ್ನು ನಿಮ್ಮ ಮಗನ ಚಾರಿಟಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವರ್ಷದ ಆದಾಯ 5,000 ಪೌಂಡ್ ಮೀರುವ ಚಾರಿಟಿ ಸಾಮಾನ್ಯವಾಗಿ ಚಾರಿಟಿ ಕಮಿಷನ್‌ನಲ್ಲಿ ನೋಂದಾಯಿಸಿಕೊಳ್ಳಬೇಕು, ಮತ್ತು ಅದರ ವಿವರಗಳನ್ನು ಯಾರು ಬೇಕಾದರೂ ನೋಡಬಹುದು. ಹಾಗೆ ಸಿಕ್ಕ ನೋಂದಣಿ ಸಂಖ್ಯೆ ಆ ಸಂಸ್ಥೆಯ ಉದ್ದೇಶ ಅಲ್ಲಿನ ಕಾನೂನಿನ ಪ್ರಕಾರ ಧರ್ಮಾರ್ಥವೆಂದು ಹೇಳುತ್ತದೆಯೇ ಹೊರತು, ಗದಗ ಜಿಲ್ಲೆಯ ಆ ಎರಡು ಕೋಣೆಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಹೊರದೇಶಕ್ಕೆ ಹೋದ ಹಣ ಸರಿಯಾಗಿ ಬಳಕೆಯಾಯಿತೆಂದು ತೋರಿಸುವ ಹೊಣೆಯೂ ಟ್ರಸ್ಟಿಯಾದ ನಿಮ್ಮ ಮಗನ ಮೇಲೆಯೇ ಬೀಳುತ್ತದೆ. ಇತ್ತ ಹಣ ಪಡೆಯುವ ಸಂಸ್ಥೆಗೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, 2010ರಡಿ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು, ಮತ್ತು ಆ ಹಣ ಮೊದಲು ಬಂದು ಸೇರಬೇಕಾದದ್ದು ದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ನೋಂದಣಿಯಿರುವ ಇನ್ನೊಂದು ಸಂಸ್ಥೆಯ ಮೂಲಕ ದಾಟಿಸೋಣವೆಂದರೆ, 2020ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿದೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡ ಅನಿವಾಸಿ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ವಂತಿಗೆಯಲ್ಲ, ಆದರೆ ನಿಮ್ಮ ಮಗ ಬ್ರಿಟಿಷ್ ಪ್ರಜೆ. ನಿಮ್ಮ ಖಾತೆಗೆ ತರಿಸುವ ಯೋಚನೆಯನ್ನು ದಯವಿಟ್ಟು ಬಿಡಿ. ಬಂಧುಗಳ ನಡುವಿನ ಹಣಕ್ಕೆ ಕಾಯ್ದೆ ಕೊಟ್ಟಿರುವ ವಿನಾಯಿತಿ ಮನೆತನದ ಅಗತ್ಯಕ್ಕಾಗಿ ಇರುವಂಥದು. ಸಂಸ್ಥೆಗೆ ಸೇರಬೇಕಾದ ಹಣವನ್ನು ಅದರ ಮರೆಯಲ್ಲಿ ತಂದರೆ ನಾಳೆ ಉತ್ತರ ಕೊಡಬೇಕಾದವರು ಪಿಂಚಣಿದಾರರಾದ ನೀವು.

ದೂರಿನ ವಿಷಯದಲ್ಲಿ ನಿಮ್ಮ ಹಿಂಜರಿಕೆ ನಮಗೆ ಅರ್ಥವಾಗುತ್ತದೆ. ಆದರೆ ಇಂಥ ಮಕ್ಕಳ ವಿಷಯವನ್ನು ಕಾನೂನು ಬರಿಯ ಇಚ್ಛೆಗೆ ಬಿಟ್ಟಿಲ್ಲ: ದಿಕ್ಕಿಲ್ಲದೆ ಅಥವಾ ಪಾಲಕರಿಂದ ಅಗಲಿ ಸಿಕ್ಕ ಮಗುವನ್ನು ತನ್ನ ವಶಕ್ಕೆ ತೆಗೆದುಕೊಂಡ ಪ್ರತಿಯೊಬ್ಬರೂ 24 ಗಂಟೆಯೊಳಗೆ ತಿಳಿಸಬೇಕೆಂದು ಬಾಲನ್ಯಾಯ ಕಾಯ್ದೆಯ 32ನೇ ಕಲಮು ಹೇಳುತ್ತದೆ. ನೀವು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ಇಲ್ಲವೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಬರೆದುಕೊಡಬಹುದು. ಆಶ್ರಮ ಗದಗ ಜಿಲ್ಲೆಯಲ್ಲಿ ಇರುವುದರಿಂದ ಗದಗದ ಘಟಕಕ್ಕೇ ಹೋಗಿ, ಹಾವೇರಿಯದಕ್ಕಲ್ಲ. ಆಮೇಲೆ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಮಕ್ಕಳ ಕಲ್ಯಾಣ ಸಮಿತಿ ಒಬ್ಬೊಬ್ಬ ಮಗುವಿನ ಮನೆಯ ಸ್ಥಿತಿಯನ್ನು ವಿಚಾರಿಸಿ ತೀರ್ಮಾನಿಸುತ್ತದೆ. ಮನೆಯಿರುವ ಮಗು ಮನೆಗೆ, ಯಾರೂ ಇಲ್ಲದ ಮಗು ನೋಂದಾಯಿತ ಸಂಸ್ಥೆಗೆ ಅಥವಾ ಸರ್ಕಾರಿ ಬಾಲಮಂದಿರಕ್ಕೆ ಹೋಗುತ್ತದೆ. ಇದು ಯಾವಾಗಲೂ ಚುರುಕಾಗಿ ನಡೆಯುತ್ತದೆಂದು ಹೇಳಿ ನಿಮಗೆ ಸುಳ್ಳು ಧೈರ್ಯ ಕೊಡಲಾರೆವು. ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆದು, ಹದಿನೈದು ದಿನಕ್ಕೊಮ್ಮೆ ವಿಚಾರಿಸುತ್ತಿರಿ.

ನಿಮ್ಮ ಪತ್ರದಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಗೋವಾಕ್ಕೆ ಗುಳೆ ಹೋದ ಆ ಅಪ್ಪ-ಅವ್ವ. ಅವರು ಮಕ್ಕಳನ್ನು ತೊರೆದವರಲ್ಲ, ಮಳೆ ಕೈಕೊಟ್ಟ ವರ್ಷ ಶಾಲೆ ತಪ್ಪದಿರಲೆಂದು ಎಲ್ಲಿಯೋ ಬಿಟ್ಟು ಹೋದವರು. ಇಂಥ ಕಷ್ಟದಲ್ಲಿರುವ ಮಗು ಅಜ್ಜಿಯ ಬಳಿಯೋ ವಿಧವೆ ತಾಯಿಯ ಬಳಿಯೋ ಉಳಿಯಲೆಂದೇ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವ, ಅಂದರೆ ಧನಸಹಾಯ, ಇದೆ. ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಬಾರದು, ಅರ್ಹತೆಯನ್ನು ಜಿಲ್ಲೆಯ ಸಮಿತಿ ನಿರ್ಧರಿಸುತ್ತದೆ. ಆ ಅರ್ಜಿ ತುಂಬಲು ಒಬ್ಬ ನಿವೃತ್ತ ಶಿಕ್ಷಕರು ಜೊತೆಗಿದ್ದರೆ ಆಗುವ ಉಪಕಾರ ಇಂಗ್ಲೆಂಡಿನ ಚಾರಿಟಿಯಿಂದ ಆಗುವುದಕ್ಕಿಂತ ಕಡಿಮೆಯದೆಂದು ನಮಗೆ ಅನ್ನಿಸುವುದಿಲ್ಲ.

ನೀವು ಪತ್ರದೊಂದಿಗೆ ಕಳಿಸಿದ ಫೋಟೊಗಳನ್ನು ನಾವು ಪ್ರಕಟಿಸಿಲ್ಲ. ಇಂಥ ಮಕ್ಕಳ ಗುರುತು ಬಯಲು ಮಾಡುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಮು ನಿಷೇಧಿಸಿದೆ. ನಿಮ್ಮ ಮಗನೂ ಆ ಮುಖಗಳನ್ನು ತೋರಿಸಿ ದೇಣಿಗೆ ಕೇಳುವಂತಿಲ್ಲವೆಂದು ಅವರಿಗೆ ತಿಳಿಸಿ. ಫೋಟೊಗಳನ್ನು ಅಂಚೆಯಲ್ಲಿ ಮರಳಿ ಕಳಿಸಿದ್ದೇವೆ.

— ಸಂಪಾದಕ