ಟಿವಿಯ ಆ ಅಜ್ಜಿ ಬರೆಯುತ್ತಲೂ ಇದ್ದರಾ?

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ‘ದಿ ಕುಮಾರ್ಸ್ ಅಟ್ ನಂಬರ್ 42’ ಎಂಬ ಹಳೆಯ ಹಾಸ್ಯ ಕಾರ್ಯಕ್ರಮ ನೋಡಿದೆ. ಅದರಲ್ಲಿನ ಅಜ್ಜಿ ತುಂಬಾ ಹಿಡಿಸಿದರು. ಆ ನಟಿ ಮೀರಾ ಸಯಾಲ್ ಟಿವಿಗೆ ಬರೆಯುತ್ತಲೂ ಇದ್ದರಂತೆ. ಹೆಸರು ಬಂದ ಮೇಲೆ ಬರೆಯಲು ಶುರು ಮಾಡಿದರಾ? ಅವರದ್ದು ಇನ್ನೇನು ನೋಡಬಹುದು?
– ಓದುಗರೊಬ್ಬರು, ಧಾರವಾಡ

ಉತ್ತರ: ಇಲ್ಲ, ಹೆಸರು ಬರುವ ಮೊದಲೇ ಬರೆಯುತ್ತಿದ್ದರು. ಬರೆದಿದ್ದರಿಂದಲೇ ಅವರಿಗೆ ಒಳ್ಳೆಯ ಪಾತ್ರಗಳು ಸಿಕ್ಕವು ಎಂದೇ ನಾನು ನಂಬುತ್ತೇನೆ.

ಮೀರಾ ಹುಟ್ಟಿದ್ದು 1961ರಲ್ಲಿ, ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಲ್ಲಿ. ಅಪ್ಪ ಅಮ್ಮ ದೆಹಲಿಯಿಂದ ಹೋದ ಪಂಜಾಬಿಗಳು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮತ್ತು ನಾಟಕ ಓದುವಾಗ ಗೆಳತಿಯೊಬ್ಬರ ಜೊತೆ ಸೇರಿ ಒಂದು ಏಕವ್ಯಕ್ತಿ ನಾಟಕ ಬರೆದರು. ನಟಿಯಾಗುವ ಕನಸು ಕಂಡ ಭಾರತೀಯ ಮನೆತನದ ಹುಡುಗಿಯ ಕಥೆ ಅದು. ಅದನ್ನು ತಾವೇ ಅಭಿನಯಿಸಿದರು. ಲಂಡನ್‌ನ ರಾಯಲ್ ಕೋರ್ಟ್ ರಂಗಮಂದಿರದ ಬಾಗಿಲು ತೆರೆದದ್ದು ಆ ನಾಟಕದಿಂದ.

ಆ ಕಾಲದ ಬ್ರಿಟಿಷ್ ಟಿವಿಯಲ್ಲಿ ಭಾರತೀಯ ಮುಖದ ನಟಿಗೆ ಎಂಥ ಪಾತ್ರ ಸಿಗುತ್ತಿತ್ತು ಯೋಚಿಸಿ. ಅಂಗಡಿಯವನ ಹೆಂಡತಿ, ಮಾತಾಡದ ಸೊಸೆ, ಅಷ್ಟೇ. ಬೇರೆ ಪಾತ್ರ ಬೇಕಿದ್ದರೆ ಯಾರಾದರೂ ಬರೆಯಬೇಕಿತ್ತು. ಮೀರಾ ತಾವೇ ಬರೆದರು. 1992ರಲ್ಲಿ ಬಿಬಿಸಿಗೆ ‘ಮೈ ಸಿಸ್ಟರ್ ವೈಫ್’ ಎಂಬ ಟಿವಿ ನಾಟಕ ಬರೆದು ಅದರಲ್ಲಿ ನಟಿಸಿದರು. ಮರುವರ್ಷ ಗುರಿಂದರ್ ಛಡ್ಡಾ ನಿರ್ದೇಶಿಸಿದ ‘ಭಾಜಿ ಆನ್ ದ ಬೀಚ್’ ಚಿತ್ರಕ್ಕೆ ಕಥೆ–ಸಂಭಾಷಣೆ ಬರೆದರು. ಬರ್ಮಿಂಗ್‌ಹ್ಯಾಮ್‌ನ ಭಾರತೀಯ ಹೆಂಗಸರು ಒಂದು ದಿನದ ಮಟ್ಟಿಗೆ ಕಡಲತೀರಕ್ಕೆ ಹೋಗುವ ಚಿತ್ರ. ಅದರಲ್ಲಿ ಅಜ್ಜಿಯರು, ಅತ್ತೆಯರು, ಕಾಲೇಜು ಹುಡುಗಿಯರು ಎಲ್ಲರಿಗೂ ಬಾಯಿ ಇದೆ!

ಅವರನ್ನು ಮನೆಮನೆಗೂ ತಲುಪಿಸಿದ್ದು ‘ಗುಡ್‌ನೆಸ್ ಗ್ರೇಷಿಯಸ್ ಮಿ’ ಎಂಬ ಹಾಸ್ಯ ಕಾರ್ಯಕ್ರಮ. 1996ರಲ್ಲಿ ರೇಡಿಯೋದಲ್ಲಿ ಶುರುವಾಗಿ 1998ರಲ್ಲಿ ಟಿವಿಗೆ ಬಂತು. ಇಲ್ಲಿ ಮೀರಾ ಒಬ್ಬರೇ ಅಲ್ಲ, ಬರಹಗಾರರ ಗುಂಪೇ ಇತ್ತು. ಸಂಜೀವ್ ಭಾಸ್ಕರ್, ಕುಲ್ವಿಂದರ್ ಘೀರ್, ನೀನಾ ವಾಡಿಯಾ ಜೊತೆ ನಟರು. ಇದರ ಒಂದು ತುಣುಕು ಇವತ್ತಿಗೂ ಜನರ ನೆನಪಿನಲ್ಲಿದೆ. ಇಂಗ್ಲೆಂಡಿನಲ್ಲಿ ವಾರಾಂತ್ಯಕ್ಕೆ ಕುಡಿದು ಭಾರತೀಯ ಹೋಟೆಲಿಗೆ ನುಗ್ಗಿ, ತುಂಬಾ ಖಾರದ್ದು ತಾ ಎಂದು ಗಲಾಟೆ ಮಾಡುವವರು ಜಾಸ್ತಿ. ಇಲ್ಲಿ ಅದೇ ತಿರುಗುಮುರುಗಾಗಿದೆ. ಮುಂಬೈನ ಗೆಳೆಯರ ಗುಂಪು ಇಂಗ್ಲಿಷ್ ಊಟದ ಹೋಟೆಲಿಗೆ ಹೋಗಿ, ಇರೋದರಲ್ಲೇ ಅತ್ಯಂತ ಸಪ್ಪೆಯದ್ದು ಯಾವುದು ಎಂದು ಕೇಳುತ್ತದೆ. ಬಿಳಿಯ ವೇಟರ್ ಜೇಮ್ಸ್‌ನ ಹೆಸರನ್ನೂ ಸರಿಯಾಗಿ ಹೇಳುವುದಿಲ್ಲ. ಕೊನೆಗೆ 24 ಪ್ಲೇಟ್ ಚಿಪ್ಸ್! ಒಂದು ಬೈಗುಳವೂ ಇಲ್ಲದೆ ಎಷ್ಟು ದೊಡ್ಡ ಮಾತು ಹೇಳಿದ್ದಾರೆ, ಅಲ್ವಾ?

ನೀವು ಮೆಚ್ಚಿದ ‘ಕುಮಾರ್ಸ್’ 2001ರಲ್ಲಿ ಶುರುವಾಯಿತು. ಅದರ ಬರವಣಿಗೆಯಲ್ಲಿ ಮುಂದಾಳು ಸಂಜೀವ್ ಭಾಸ್ಕರ್. ಅಂದಹಾಗೆ, ಆ ಅಜ್ಜಿಗೆ ಆಗ ಬರೀ ನಲವತ್ತು ವರ್ಷ. ಮರುವರ್ಷ ಎ.ಆರ್. ರೆಹಮಾನ್ ಸಂಗೀತದ ‘ಬಾಂಬೆ ಡ್ರೀಮ್ಸ್’ ಎಂಬ ಲಂಡನ್ ರಂಗನಾಟಕಕ್ಕೂ ಮೀರಾ ಮಾತು ಬರೆದರು. 2023ರಲ್ಲಿ ಬ್ರಿಟನ್ನಿನ ಸಿನಿಮಾ–ಟಿವಿ ಪ್ರಶಸ್ತಿಗಳನ್ನು ಕೊಡುವ ಬಾಫ್ಟಾ ಸಂಸ್ಥೆ ಮೀರಾಗೆ ತನ್ನ ಅತ್ಯುನ್ನತ ಗೌರವವಾದ ಫೆಲೋಶಿಪ್ ಕೊಟ್ಟಿತು.

ಮೊದಲು ಆ ಹೋಟೆಲ್ ತುಣುಕು ನೋಡಿ, ಐದು ನಿಮಿಷವೂ ಬೇಡ. ಆಮೇಲೆ ‘ಭಾಜಿ ಆನ್ ದ ಬೀಚ್’. ಅದನ್ನು ಮಗಳ ಜೊತೆ ಕೂತೇ ನೋಡಿ. ಅಲ್ಲಿ ತಾಯಂದಿರ ಮಾತೂ ಇದೆ, ಅಲ್ಲೇ ಬೆಳೆದ ಹೆಣ್ಣುಮಕ್ಕಳ ಮಾತೂ ಇದೆ.